ದೀಪ ಅಗ್ಗವಾದರೆ ಸಾಲದು, ದುರಸ್ತಿಯಾಗಬೇಕು

ಬೀದಿದೀಪವೆಂದರೆ ಎಲ್‌ಇಡಿ, ಅದೇ ಕೊನೆಯ ಮಾತು ಎಂಬ ಭಾವನೆ ಆಡಳಿತದಲ್ಲಿ ಬೇರೂರಿದೆ. ಅದಕ್ಕೆ ಕಾರಣವಿಲ್ಲದಿಲ್ಲ. 2015ರಲ್ಲಿ ಆರಂಭವಾದ ಉಜಾಲಾ ಯೋಜನೆಯಡಿ 36 ಕೋಟಿಗೂ ಹೆಚ್ಚು ಎಲ್‌ಇಡಿ ಬಲ್ಬುಗಳು ವಿತರಣೆಯಾಗಿವೆ. 2014ರಲ್ಲಿ 310 ರೂಪಾಯಿಯಷ್ಟಿದ್ದ ಸಗಟು ಖರೀದಿ ದರ 2016ರ ಹೊತ್ತಿಗೆ 38 ರೂಪಾಯಿಗೆ ಇಳಿಯಿತು. ಅರ್ಥಶಾಸ್ತ್ರ ಓದಿದವನಾಗಿ ನಾನಿದನ್ನು ಸಾರ್ವಜನಿಕ ಖರೀದಿಯ ದೊಡ್ಡ ಯಶಸ್ಸೆಂದೇ ಭಾವಿಸುತ್ತೇನೆ.

ಆದರೂ ಎಲ್‌ಇಡಿಗಿಂತ ಪರಿಸರಸ್ನೇಹಿಯಾದ ದೀಪವಿದೆಯೇ ಎಂಬ ಪ್ರಶ್ನೆ ಎದ್ದಾಗಲೆಲ್ಲ ಪ್ಲಾಸ್ಮಾ ದೀಪದ ಹೆಸರು ಕೇಳಿಬರುತ್ತದೆ. ಇವುಗಳಲ್ಲಿ ಗಂಧಕದ ದೀಪ ಗಮನಾರ್ಹವಾದುದು. ಪುಟ್ಟ ಸ್ಫಟಿಕದ ಗೋಳದಲ್ಲಿ ಚಿಟಿಕೆಯಷ್ಟು ಗಂಧಕ ಮತ್ತು ಆರ್ಗಾನ್ ಅನಿಲವನ್ನು ತುಂಬಿ, ಹೊರಗಿನಿಂದ ಮೈಕ್ರೋವೇವ್ ಹಾಯಿಸಿದರೆ ಒಳಗಿನ ಅನಿಲ ಪ್ಲಾಸ್ಮಾ ಸ್ಥಿತಿಗೇರಿ, ಬಿಸಿಲನ್ನು ಹೋಲುವ ಬೆಳಕು ಹೊಮ್ಮುತ್ತದೆ. ಇದರಲ್ಲಿ ತಂತಿಯಿಲ್ಲ, ಪಾದರಸವೂ ಇಲ್ಲ. 1994ರಲ್ಲಿ ಅಮೆರಿಕದ ಇಂಧನ ಇಲಾಖೆಯು ವಾಷಿಂಗ್ಟನ್ನಿನ ತನ್ನ ಕಟ್ಟಡದಲ್ಲಿ ಇಂತಹ ಎರಡು ದೀಪಗಳ ಬೆಳಕನ್ನು ಉದ್ದನೆಯ ಕೊಳವೆಯಲ್ಲಿ ಹರಿಸಿ, ಇನ್ನೂರಕ್ಕೂ ಹೆಚ್ಚು ಪಾದರಸದ ದೀಪಗಳನ್ನು ತೆಗೆಸಿತ್ತು.

ಇಷ್ಟಾದರೂ ಆ ದೀಪ ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ. ಗೋಳ ಕೆಡುತ್ತಿರಲಿಲ್ಲ; ಅದಕ್ಕೆ ಶಕ್ತಿ ಉಣಿಸುವ ಮ್ಯಾಗ್ನೆಟ್ರಾನ್ ಮೊದಲು ಸವೆಯುತ್ತಿತ್ತು. ದೀಪವನ್ನು ತಣ್ಣಗಿಡಲು ಪ್ರತ್ಯೇಕ ವ್ಯವಸ್ಥೆ ಬೇಕಿತ್ತು. ಬಲು ಪ್ರಖರವಾದ ಅದನ್ನು ಮನೆ, ಓಣಿಗಳಿಗೆ ಹೊಂದುವಷ್ಟು ಚಿಕ್ಕದಾಗಿಸುವುದೂ ಸುಲಭವಿರಲಿಲ್ಲ. ಆದ್ದರಿಂದ ಎಲ್‌ಇಡಿಯನ್ನು ಬಿಟ್ಟು ಪ್ಲಾಸ್ಮಾ ಹಿಡಿಯಿರಿ ಎಂದು ನಾನು ಹೇಳಲಾರೆ. ಆದರೆ ಅದರ ಸೋಲಿನಲ್ಲಿರುವ ಪಾಠ ಎಲ್‌ಇಡಿಗೂ ಅನ್ವಯಿಸುತ್ತದೆ. ಎಲ್‌ಇಡಿಯಲ್ಲಿ ಬೆಳಕು ಕೊಡುವ ಚಿಪ್ ದೀರ್ಘಾಯು. ಶಾಖಕ್ಕೆ, ವೋಲ್ಟೇಜ್ ಏರಿಳಿತಕ್ಕೆ ಸಿಕ್ಕಿ ಮೊದಲು ಕೈಕೊಡುವುದು ಬಹುಮಟ್ಟಿಗೆ ಅದರ ಡ್ರೈವರ್. ಬಿಚ್ಚಲಾಗದಂತೆ ಮುಚ್ಚಿದ ದೀಪವಾದರೆ, ಆ ಒಂದು ಭಾಗಕ್ಕಾಗಿ ಇಡೀ ದೀಪವೇ ಕಸಕ್ಕೆ ಸೇರುತ್ತದೆ.

ನಮ್ಮ ಹಳೆಯ ಟ್ಯೂಬ್‌ಲೈಟ್‌ನ ಒಳಗಿರುವುದೂ ಪ್ಲಾಸ್ಮಾವೇ. ಸ್ಟಾರ್ಟರ್ ಹೋದರೆ ಸ್ಟಾರ್ಟರ್, ಚೋಕ್ ಹೋದರೆ ಚೋಕ್ ಬದಲಿಸಿ ಅದನ್ನು ವರ್ಷಗಟ್ಟಲೆ ಉರಿಸಿದೆವು. ಪಾದರಸದ ಕಾರಣಕ್ಕೆ ಅದು ತೆರೆಮರೆಗೆ ಸರಿಯುತ್ತಿರುವುದು ಸರಿಯೇ. ಮಿನಾಮಾಟಾ ಒಪ್ಪಂದದ ರಾಷ್ಟ್ರಗಳು 2023ರಲ್ಲಿ ಪ್ರತಿದೀಪ್ತಿ ದೀಪಗಳ ತಯಾರಿಕೆಗೆ 2027ರ ಗಡುವು ವಿಧಿಸಿವೆ. ಆದರೆ ಪಾದರಸದೊಂದಿಗೆ ದುರಸ್ತಿಯ ಸಂಸ್ಕೃತಿಯನ್ನೂ ಕೈಬಿಡಬೇಕಿರಲಿಲ್ಲ.

ಇದಕ್ಕೆ ಪರಿಹಾರ ಟೆಂಡರ್ ದಾಖಲೆಯಲ್ಲಿದೆ. ಕನಿಷ್ಠ ದರಕ್ಕೇ ಮಣೆ ಹಾಕಬೇಕೆಂದು ಕಾನೂನು ಕಟ್ಟಿಹಾಕಿದೆ ಎಂಬ ಮಾತನ್ನು ನಾನು ಸೇವೆಯಲ್ಲಿದ್ದಾಗ ಮತ್ತೆ ಮತ್ತೆ ಕೇಳಿದ್ದೇನೆ. ಆದರೆ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆ ಪಾರದರ್ಶಕತೆ ಕಾಯ್ದೆಯ ಪ್ರಕಾರ, ಟೆಂಡರ್ ದಾಖಲೆಯಲ್ಲಿ ನಮೂದಿಸಿದ ಮಾನದಂಡಗಳಂತೆ ಅಳೆದೇ ಕನಿಷ್ಠ ದರವನ್ನು ನಿರ್ಧರಿಸಬೇಕು. ಆ ಮಾನದಂಡಗಳನ್ನು ಬರೆಯುವವರು ನಾವೇ. ಡ್ರೈವರ್ ಪ್ರತ್ಯೇಕವಾಗಿ ಬದಲಿಸುವಂತಿರಲಿ. ಬಿಡಿಭಾಗಗಳು ಹತ್ತು ವರ್ಷ ದೊರೆಯಲಿ. ಕೆಟ್ಟ ದೀಪವನ್ನು ಪೂರೈಕೆದಾರನೇ ಮರಳಿ ಪಡೆಯಲಿ. ಕಂಬಗಳ ಲೆಕ್ಕಕ್ಕಲ್ಲ, ರಸ್ತೆಯ ಮೇಲೆ ಬಿದ್ದ ಬೆಳಕನ್ನು ಅಳೆದು ಹಣ ಪಾವತಿಯಾಗಲಿ. ಈ ಷರತ್ತುಗಳನ್ನು ಪೂರೈಸುವ ದೀಪ ನಾಳೆ ಪ್ಲಾಸ್ಮಾದ್ದಾದರೂ ಅದನ್ನು ಕೊಳ್ಳಲು ಅಡ್ಡಿಯಿಲ್ಲ.

ಆರಿದ ದೀಪದ ನಿಜವಾದ ಬೆಲೆ ಲೆಕ್ಕಪತ್ರದಲ್ಲಿ ಕಾಣುವುದಿಲ್ಲ. ರಾತ್ರಿ ಪಾಳಿ ಮುಗಿಸಿ ಕತ್ತಲ ಬೀದಿಯಲ್ಲಿ ಮನೆಗೆ ನಡೆಯುವ ಹೆಣ್ಣುಮಗಳು ಅದನ್ನು ತೆರುತ್ತಾಳೆ. ಟೆಂಡರ್ ಬರೆಯುವವರು ಆ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.