ನರಸಿಂಹನಿಗೆ ಕೈ ಮುಗೀರಿ, ಸಿನಿಮಾಕ್ಕೆ ಮಾರ್ಕ್ಸ್ ಕೊಡಿ

1/5
‘ಮಹಾವತಾರ್ ನರಸಿಂಹ’ ಬಗ್ಗೆ ಒಂದು ಮಾತು ಬೇರೆ ಥರ ಹೇಳಿದ್ರೆ ಸಾಕು, ಕಮೆಂಟಲ್ಲಿ ಶುರು: “ದೇವರ ಸಿನಿಮಾದಲ್ಲೂ ತಪ್ಪು ಹುಡುಕ್ತೀಯನಾ ಮಾರಾಯ?”

ಹೌದು, ಹುಡುಕ್ತೇನೆ. ದೇವರಲ್ಲಿ ಅಲ್ಲ, ಸಿನಿಮಾದಲ್ಲಿ. ದೇವರ ದರ್ಶನ ಬೇರೆ, ಮೂರು ನಾಲ್ಕು ಜನ ಸೇರಿ ಟಿಕೆಟ್ ತಗೊಂಡು ನೋಡೋ ಚಿತ್ರ ಬೇರೆ. ದುಡ್ಡು ಕೊಟ್ಟವನಿಗೆ ಲೆಕ್ಕ ಕೇಳೋ ಹಕ್ಕಿದೆ. ಬಿಕಾಂನವರಿಗೆ ಇದನ್ನ ಬಿಡಿಸಿ ಹೇಳ್ಬೇಕಾ?

ಐದು ಭಾಗ ಇದೆ. ಪೂರ್ತಿ ಓದಿ, ಆಮೇಲೆ ಬೈರಿ.

2/5
ಒಳ್ಳೇದು ಮೊದಲು.

ಅಶ್ವಿನ್ ಕುಮಾರ್ ನಿರ್ದೇಶನ, ಕ್ಲೀಂ ಪ್ರೊಡಕ್ಷನ್ಸ್ ನಿರ್ಮಾಣ, ಅರ್ಪಿಸಿದ್ದು ನಮ್ಮ ಬೆಂಗಳೂರಿನ ಹೊಂಬಾಳೆ. 2025ರ ಜುಲೈ 25ಕ್ಕೆ ಬಂತು, ಕನ್ನಡದಲ್ಲೂ ಬಂತು. ತೆರೆ ಮೇಲೆ ಒಬ್ಬ ಸ್ಟಾರ್ ಇಲ್ಲ. ಆದ್ರೂ ಜನ ಬಂದ್ರು. ‘ಕಾರ್ಟೂನ್ ಅಂದ್ರೆ ಸಣ್ಣ ಮಕ್ಕಳಿಗೆ’ ಅನ್ನೋ ಹಳೇ ಮಾತನ್ನ ಈ ಚಿತ್ರ ಮುರಿದು ಹಾಕ್ತು. ಅಜ್ಜಿ, ಅಪ್ಪ, ಮೊಮ್ಮಗ ಒಂದೇ ಸಾಲಲ್ಲಿ ಕೂತು ನೋಡಿದ್ರು. 2012ರಲ್ಲಿ ‘ಅರ್ಜುನ್: ದ ವಾರಿಯರ್ ಪ್ರಿನ್ಸ್’ ಅಷ್ಟು ಚಂದ ಬಿಡಿಸಿದ್ರೂ ಆ ಭಾಗ್ಯ ಸಿಗಲಿಲ್ಲ.

ವರಾಹನ ಯುದ್ಧ ಚೆನ್ನಾಗಿದೆ. ಕಂಬ ಒಡೆದು ನರಸಿಂಹ ಬಂದಮೇಲಂತೂ ಚಿತ್ರ ಬೇರೆ ಮಟ್ಟಕ್ಕೇ ಹೋಗ್ತದೆ. ಸ್ಯಾಮ್ ಸಿ.ಎಸ್. ಸಂಗೀತ ಅಲ್ಲಿ ಮೈ ನಡುಗಿಸ್ತದೆ. ಇದನ್ನ ಒಪ್ಪದೇ ಇರೋಕೆ ಆಗಲ್ಲ.

3/5
ಈಗ ನಿಮ್ಮ ದೊಡ್ಡ ಅಸ್ತ್ರ: “300 ಕೋಟಿ ದಾಟಿದೆ, ನೀನ್ಯಾರು ಕೇಳೋಕೆ?”

ಅದು ಗ್ರಾಸ್ ಮಾರಾಯ್ರೆ. ಅದರಲ್ಲಿ ಜಿಎಸ್‌ಟಿ ಹೋಗ್ಬೇಕು (ಆಗ 100 ರೂಪಾಯಿ ಮೇಲಿನ ಟಿಕೆಟ್‌ಗೆ 18%), ಥಿಯೇಟರ್ ಪಾಲು ಹೋಗ್ಬೇಕು, ವಿತರಕರ ಪಾಲು ಹೋಗ್ಬೇಕು. ಅದೂ ಇರ್ಲಿ. ಕಲೆಕ್ಷನ್ ಹೇಳೋದು ಎಷ್ಟು ಜನ ಬಂದ್ರು ಅಂತ. ಬಂದವರಿಗೆ ಎಂತ ಸಿಕ್ತು ಅಂತ ಅದು ಹೇಳೋದಿಲ್ಲ.

“ಆಸ್ಕರ್‌ಗೆ ಹೋಗಿದೆ” ಅಂತ ಸ್ಟೋರಿ ಹಾಕಿದವರಿಗೂ ಒಂದು ಮಾತು. 35 ಆನಿಮೇಷನ್ ಚಿತ್ರಗಳ ಅರ್ಹತಾ ಪಟ್ಟಿಯಲ್ಲಿ ಹೆಸರಿತ್ತು. ಖುಷಿ ಪಡೋಣ. ಆದ್ರೆ ಅರ್ಹತೆ ಅಂದ್ರೆ ಹಾಲ್ ಟಿಕೆಟ್. ರಿಸಲ್ಟ್ ಅಲ್ಲ.

4/5
ಕೊರತೆ ಎಲ್ಲಿದೆ?

ಎಲ್ಲರೂ ಹೇಳೋದು ಗ್ರಾಫಿಕ್ಸ್. ಸರಿ, ಕಯಾದು ಅಳುವಾಗಲೂ ಮುಖ ಗೊಂಬೆ ಮುಖದ ಹಾಗೇ ಇದೆ. ತುಟಿ ಒಂದು ಕಡೆ, ಮಾತು ಒಂದು ಕಡೆ. ಕೆಲವು ಯುದ್ಧ ವಿಡಿಯೊ ಗೇಮ್ ಥರ. ಜಪಾನಿನ ಯುಗೋ ಸಾಕೋ ನಮ್ಮ ರಾಮ್ ಮೋಹನ್ ಜೊತೆ ಸೇರಿ 1992ರಲ್ಲೇ ಕೈಯಲ್ಲಿ ಬಿಡಿಸಿ ಮಾಡಿದ ರಾಮಾಯಣದ ಮುಖಗಳನ್ನ ಒಮ್ಮೆ ನೋಡಿ, ವ್ಯತ್ಯಾಸ ಗೊತ್ತಾಗ್ತದೆ. ಆದ್ರೂ “ಬಜೆಟ್ ಕಮ್ಮಿ” ಅಂತೀರಾ, ಅದನ್ನ ಬಿಟ್ಟುಬಿಡ್ತೇನೆ.

ಬಿಡೋಕಾಗದೇ ಇರೋದು ಬರವಣಿಗೆ. ಇದು ಅಪ್ಪ ಮಗನ ಕಥೆ. ಆದ್ರೆ ಇಲ್ಲಿ ಹಿರಣ್ಯಕಶಿಪು ಕೂಗೋದೇ ಜಾಸ್ತಿ. ಹಾವು, ಆನೆ, ಬೆಂಕಿ, ಶಿಕ್ಷೆಗಳು ಪಟ್ಟಿ ಓದಿದ ಹಾಗೆ ಒಂದರ ಹಿಂದೆ ಒಂದು ಬರ್ತವೆ. ಒಡಹುಟ್ಟಿದವನನ್ನ ವಿಷ್ಣು ಕೊಂದ, ಈಗ ಹೆತ್ತ ಮಗನೇ ವಿಷ್ಣು ಹೆಸರು ಹೇಳ್ತಾನೆ. ಎಂಥಾ ಸಂಕಟ ಅದು! 1983ರ ‘ಭಕ್ತ ಪ್ರಹ್ಲಾದ’ದಲ್ಲಿ ರಾಜ್‌ಕುಮಾರ್ ಅವರ ಹಿರಣ್ಯಕಶಿಪು, ಬಾಲಕ ಲೋಹಿತ್ (ನಮ್ಮ ಅಪ್ಪು) ಪ್ರಹ್ಲಾದ. ಅಲ್ಲಿ ರಾಕ್ಷಸನ ಒಳಗಿನ ಅಪ್ಪ ಕಾಣ್ತಾನೆ.

ನಮ್ಮ ಕಡೆ ತಾಳಮದ್ದಳೆ ಇದೆ. ವೇಷ ಇಲ್ಲ, ಬಣ್ಣ ಇಲ್ಲ, ಕುಣಿತ ಇಲ್ಲ. ಭಾಗವತರ ಪದ, ಮದ್ದಳೆ, ಕೂತು ಅರ್ಥ ಹೇಳೋ ಅರ್ಥಧಾರಿಗಳು, ಅಷ್ಟೇ. ಬರೀ ಮಾತಿನಲ್ಲಿ ಇಡೀ ಆಸ್ಥಾನ ಕಣ್ಣೆದುರು ನಿಲ್ಲಿಸ್ತಾರೆ. ಮಾತಿಗೆ ರೆಂಡರಿಂಗ್ ಖರ್ಚಿಲ್ಲ. ಹಾಗಾಗಿ ಬಜೆಟ್ ನೆಪ ಇಲ್ಲಿ ನಡೆಯೋದಿಲ್ಲ.

5/5
“ಒಂದು ಸಿನಿಮಾಕ್ಕೆ ಎಂತಕ್ಕೆ ಇಷ್ಟು ತಲೆಬಿಸಿ?” ಒಂದಲ್ಲ, ಏಳು. 2027ಕ್ಕೆ ಪರಶುರಾಮ, ಹೀಗೇ ಎರಡೆರಡು ವರ್ಷಕ್ಕೊಂದು, 2037ಕ್ಕೆ ಕಲ್ಕಿಯ ಎರಡನೇ ಭಾಗ ಅಂತ ಘೋಷಣೆ ಆಗಿದೆ. ನನಗೀಗ ಇಪ್ಪತ್ತು. ಇದು ಮುಗಿಯುವಾಗ ನಮ್ಮಲ್ಲಿ ಕೆಲವರು ಸ್ವಂತ ಮಕ್ಕಳನ್ನ ಕರ್ಕೊಂಡು ಹೋಗಿರ್ತೀರಿ. ಈಗ ಎಲ್ಲದಕ್ಕೂ “ಸೂಪರ್” ಅಂದ್ರೆ ಆ ಮಕ್ಕಳಿಗೂ ಇದೇ ಗೊಂಬೆ ಮುಖ, ಇದೇ ಕೂಗಾಟ.

ಅದೂ ಮುಂದಿನದು ಪರಶುರಾಮ! ಕೊಡಲಿ ಎಸೆದು ಸಮುದ್ರ ಹಿಂದೆ ಸರಿಸಿ ನಮ್ಮ ಈ ಕರಾವಳಿ ಮಾಡಿದವ ಅಂತ ಕೇಳಿಕೊಂಡು ಬೆಳೆದವರು ನಾವು. ತಾಯಿಯ ತಲೆ ಕಡಿ ಅಂತ ತಂದೆಯೇ ಹೇಳ್ತಾನೆ, ಮಗ ಕಡಿತಾನೆ. ಆ ಗಳಿಗೆಯನ್ನ ಬರೀ ಕೊಡಲಿ, ಸ್ಲೋ ಮೋಷನ್ ಮಾಡಿ ಮುಗಿಸಿದ್ರೆ ನಾನಂತೂ ಕೈ ತಟ್ಟೋದಿಲ್ಲ.

ಕೊನೇ ಮಾತು, ಬಾಯಿ ಮುಚ್ಚು ಅಂದವರಿಗೆ. ಪ್ರಹ್ಲಾದ ಯಾರು? ಮನೆಯಲ್ಲಿ, ಪಾಠಶಾಲೆಯಲ್ಲಿ, ಇಡೀ ರಾಜ್ಯದಲ್ಲಿ “ಹೌದು ಅನ್ನು” ಅಂದಾಗ “ಇಲ್ಲ” ಅಂದ ಹುಡುಗ. ಅವನ ಕಥೆಗೆ ಚಪ್ಪಾಳೆ ತಟ್ಟಿ ಹೊರಗೆ ಬಂದು “ಪ್ರಶ್ನೆ ಕೇಳ್ಬೇಡ” ಅಂತೀರಲ್ಲ, ನೀವು ಯಾರ ಪಾತ್ರ ಮಾಡ್ತಿದ್ದೀರಿ ಹೇಳಿ?

ಕಮೆಂಟಲ್ಲಿ ಒಂದು ಒಳ್ಳೇದು, ಒಂದು ಕೊರತೆ ಬರೀರಿ. ಬರೀ 🔥 ಹಾಕಿದ್ರೆ ಲೆಕ್ಕಕ್ಕಿಲ್ಲ.

#ಮಹಾವತಾರ್ನರಸಿಂಹ #ಕನ್ನಡಸಿನಿಮಾಮಾತು #ತಾಳಮದ್ದಳೆ #ಶಿರಾಲಿ #ಭಟ್ಕಳ