ಘಾಟಿ ತಿರುವಿನಲ್ಲಿ ಮೂಗನಾಗುವ ಮೊಬೈಲ್ ರೇಡಿಯೋ

ಶಿವಮೊಗ್ಗದಿಂದ ತೀರ್ಥಹಳ್ಳಿ, ಆಗುಂಬೆ ಕಡೆ ಹೊರಟ ಸಂಜೆ ಬಸ್ಸು ಹತ್ತಿ ನೋಡಿ. ಅರ್ಧ ಬಸ್ಸಿನ ಕಿವಿಗೆ ಮೊಬೈಲು ಅಂಟಿಕೊಂಡಿರುತ್ತದೆ. ಒಬ್ಬರಿಗೆ ವಾರ್ತೆ ಬೇಕು, ಒಬ್ಬರಿಗೆ ಕ್ರಿಕೆಟ್ ಕಾಮೆಂಟರಿ, ಇನ್ನೊಬ್ಬರಿಗೆ ಅಡಿಕೆ ಧಾರಣೆ. ಬಸ್ಸು ಕಾಡು ಹೊಕ್ಕಿತೋ, ಮೊಬೈಲು ಮೌನವ್ರತ ಹಿಡಿಯಿತು! ಪರದೆ ಮೇಲೆ ಚಕ್ರ ತಿರುಗೋದೇ ತಿರುಗೋದು.

‘ನೆಟ್ ಸ್ಲೋ ಮಾರಾಯ್ರೆ’ ಅಂತ ಎಲ್ಲರೂ ಗೊಣಗುತ್ತಾರೆ. ಅಸಲು ರೋಗ ಅದಲ್ಲ ಸ್ವಾಮಿ. ಧ್ವನಿಗೆ ವೇಗ ಬೇಕಾಗಿಯೇ ಇಲ್ಲ. ಸೆಕೆಂಡಿಗೆ 64 ಕಿಲೋಬಿಟ್ ಸಿಕ್ಕರೆ ಹಾಡು ಕೇಳಬಹುದು. ಈಗಿನ ಒಳ್ಳೆಯ ಕೋಡೆಕ್ ಬಳಸಿದರೆ 32ರಲ್ಲೇ ಮಾತು ಸ್ಪಷ್ಟ. ಲೆಕ್ಕ ಹಾಕಿ: 64ಕ್ಕೆ ಗಂಟೆಗೆ ಸುಮಾರು 29 ಎಂಬಿ, 32ಕ್ಕೆ ಅದರ ಅರ್ಧ. ವಿಡಿಯೋ ಮುಂದೆ ಇದು ಚಿಲ್ಲರೆ ಕಾಸು. ಕೊರತೆ ಇರೋದು ವೇಗದ್ದಲ್ಲ, ನಿರಂತರತೆಯದು. ಒಂದು ಟವರಿನ ಹಂಗು ಬಿಟ್ಟು ಇನ್ನೊಂದು ಟವರು ಸಿಗುವ ತನಕ ನಡುವೆ ಬರುವ ಬರಡು ಜಾಗವೇ ಶತ್ರು.

ಇದಕ್ಕೆ ಉಪಾಯ ನಮ್ಮ ಮನೆಗಳಲ್ಲೇ ಇದೆ. ನಲ್ಲಿಯಲ್ಲಿ ನೀರು ಹೊತ್ತು ಗೊತ್ತಿಲ್ಲದೆ ಬರುತ್ತದೆ ಅಂತ ನಾವು ತೊಟ್ಟಿ ಕಟ್ಟಿಸಿಲ್ಲವೇ? ಮೊಬೈಲಿನಲ್ಲೂ ಅಂಥ ತೊಟ್ಟಿ ಉಂಟು, ಬಫರ್ ಅನ್ನುತ್ತಾರೆ. ಧ್ವನಿಯನ್ನು ಮೊದಲು ತುಂಬಿಸಿಕೊಂಡು, ಸ್ವಲ್ಪ ತಡವಾಗಿ ಕೇಳಿಸುವುದು. 2009ರಲ್ಲಿ ಆಪಲ್ ಕಂಪನಿ ತಂದ ಎಚ್‌ಎಲ್‌ಎಸ್ ಪದ್ಧತಿಯಲ್ಲಿ ನೇರ ಪ್ರಸಾರವನ್ನು ಕೆಲವೇ ಸೆಕೆಂಡುಗಳ ತುಂಡು ಮಾಡಿ ಸರ್ವರ್‌ನಲ್ಲಿ ಇಡುತ್ತಾರೆ. ಸಿಗ್ನಲ್ ಹೋಗಿ ಬಂದರೆ ತಪ್ಪಿದ ತುಂಡುಗಳನ್ನು ಮೊಬೈಲು ಬಾಚಿಕೊಳ್ಳಬಹುದು.

ಘಾಟಿಯಲ್ಲಿ ಬಸ್ಸು ಗಂಟೆಗೆ 20 ಕಿ.ಮೀ. ಹೋದರೆ ಒಂದು ನಿಮಿಷಕ್ಕೆ ದಾಟೋದು 330 ಮೀಟರು. ತೊಟ್ಟಿಯಲ್ಲಿ ಒಂದು ನಿಮಿಷದ ಧ್ವನಿ ಇದ್ದರೆ ಅಷ್ಟು ಉದ್ದದ ಬರಡು ಜಾಗ ಗೊತ್ತೇ ಆಗೋದಿಲ್ಲ. ಆ ಒಂದು ನಿಮಿಷಕ್ಕೆ ಬೇಕಾದ ಜಾಗ ಎಷ್ಟು? 32ರ ಲೆಕ್ಕದಲ್ಲಿ 240 ಕೆಬಿ. ಮೊಬೈಲಲ್ಲಿ ತೆಗೆದ ಒಂದು ಫೋಟೋ ಇದಕ್ಕಿಂತ ಭಾರ!

ಬೆಲೆ ಇಲ್ಲದೆ ಏನೂ ಸಿಗೋದಿಲ್ಲ ಅನ್ನೋದು ಅಂಗಡಿಯವರಿಗೆ ಹೇಳಬೇಕಾಗಿಲ್ಲ. ಇಲ್ಲಿ ಬೆಲೆ ಅಂದರೆ ತಡ. ಕ್ಷೌರದಂಗಡಿಯ ರೇಡಿಯೋದಲ್ಲಿ ಸಿಕ್ಸರ್ ಬಿದ್ದು ಚಪ್ಪಾಳೆ ಮುಗಿದ ಮೇಲೆ ಪಕ್ಕದ ಹೋಟೆಲಿನ ಮೊಬೈಲಲ್ಲಿ ಬೌಲರ್ ಇನ್ನೂ ಓಡಿ ಬರುತ್ತಿರುತ್ತಾನೆ. ಕ್ರಿಕೆಟ್ಟಿಗೆ ಇದು ರಗಳೆ, ನಿಜ. ಆದರೆ ವಾರ್ತೆ, ಧಾರಣೆ ಒಂದು ನಿಮಿಷ ತಡವಾದರೆ ಯಾರ ಗಂಟು ಹೋಗುತ್ತದೆ? ಬೇಗ ಬೇಕೋ, ಕಡಿಯದೆ ಬೇಕೋ ಅನ್ನೋದನ್ನು ಕೇಳುಗನೇ ಆರಿಸಲಿ. ಎಷ್ಟೋ ಆ್ಯಪ್‌ಗಳಲ್ಲಿ ಆ ಆಯ್ಕೆಯೇ ಇಲ್ಲ. ಮಾಡಿದವರು ಪಟ್ಟಣದ ವೈಫೈ ಕೆಳಗೆ ಕೂತು ಪರೀಕ್ಷಿಸಿದರೆ ಮಲೆನಾಡ ತಿರುವು ಎಲ್ಲಿ ಕಾಣಬೇಕು?

ಇನ್ನೊಂದು ಮಾತು. ಎಲ್ಲ ಮೊಬೈಲಲ್ಲೇ ಬರುತ್ತದಲ್ಲ, ಇನ್ನು ರೇಡಿಯೋ ಟ್ರಾನ್ಸ್‌ಮಿಟರ್ ಯಾಕೆ ಅನ್ನೋ ಜಾಣರೂ ಇದ್ದಾರೆ. ಭದ್ರಾವತಿ ಆಕಾಶವಾಣಿ ಶುರುವಾದದ್ದು 1965ರಲ್ಲಿ. ಅಲ್ಲಿ ಒಂದು ಟ್ರಾನ್ಸ್‌ಮಿಟರ್ ಮಾತಾಡಿದರೆ ಹತ್ತು ಜನ ಕೇಳಿದರೂ ಅಷ್ಟೇ, ಹತ್ತು ಸಾವಿರ ಜನ ಕೇಳಿದರೂ ಅಷ್ಟೇ. ಮೊಬೈಲಿನಲ್ಲಿ ಹಾಗಲ್ಲ, ತಲೆಗೊಂದು ಪ್ರತಿ ಕಳಿಸಬೇಕು. ಮಾರಿಜಾತ್ರೆಯ ದಿನ ಟವರಿಗೆ ಉಸಿರುಗಟ್ಟುವುದು ಅದಕ್ಕೇ. ಮಳೆಗಾಲದಲ್ಲಿ ಕರೆಂಟು ಹೋಗಿ ಟವರಿನ ಬ್ಯಾಟರಿ ಮುಗಿದರಂತೂ ಆ ಊರಿಗೆ ಊರೇ ಕಿವುಡು. ಹೊಳೆ ಉಕ್ಕಿದ ಸುದ್ದಿ ಬೇಕಾಗೋದು ಆಗಲೇ!

ಆದ್ದರಿಂದ ಬೇಡಿಕೆ ಮೂರೇ. ಪ್ರಸಾರ ಮಾಡುವವರು ಸಣ್ಣ ಗಾತ್ರದ ಧ್ವನಿಯನ್ನೂ, ಒಂದು ನಿಮಿಷದ ತೊಟ್ಟಿಯನ್ನೂ ಕೊಡಲಿ. ಮೊಬೈಲ್ ಕಂಪನಿಗಳು ಬಸ್ಸು ಓಡುವ ರಸ್ತೆಯ ಬರಡು ಜಾಗ ತುಂಬಲಿ, ಮಳೆಗಾಲಕ್ಕೆ ಮುಂಚೆ ಟವರಿನ ಬ್ಯಾಟರಿ, ಡೀಸೆಲ್ ನೋಡಿಕೊಳ್ಳಲಿ. ಸರ್ಕಾರ ರೇಡಿಯೋ ಕಂಬಕ್ಕೆ ಕೈ ಹಚ್ಚದಿರಲಿ. ರೀಚಾರ್ಜ್ ಹಣ ಘಾಟಿಯವರಿಂದಲೂ ಪೂರ್ತಿ ವಸೂಲಾಗುತ್ತದೆ. ಮಾತು ಮಾತ್ರ ಅರ್ಧ ಸಿಕ್ಕರೆ ಹೇಗೆ?