ಕಲಿಸುವವರಿಗೆ ಕಲಿಸುವವರೂ ಕಲಿಯಬೇಕು

ಗುತ್ತೂರು, ಹರಿಹರ, ದಾವಣಗೆರೆಗಳ ನಮ್ಮ ಕುಟುಂಬಗಳಲ್ಲಿ ಶಿಕ್ಷಕ ವೃತ್ತಿಗೆ ವಿಶೇಷ ಗೌರವವಿದೆ. ಮಗಳು ಬಿ.ಇಡಿ. ಮುಗಿಸಿದಳೆಂದರೆ ಮನೆಮಂದಿಗೆಲ್ಲ ಹೆಮ್ಮೆ. ಶಾಲೆಯಲ್ಲಿ ಪಾಠ ಸರಿಯಾಗದಿದ್ದರೆ ಶಿಕ್ಷಕಿಯನ್ನು ದೂರುತ್ತೇವೆ. ಆದರೆ ಆ ಶಿಕ್ಷಕಿಯನ್ನು ರೂಪಿಸಿದವರ ಬಗ್ಗೆ ನಾವು ಒಮ್ಮೆಯಾದರೂ ಯೋಚಿಸಿದ್ದೇವೆಯೇ?

ಅಭ್ಯಾಸ ಬೋಧನೆಯ ದಿನಗಳನ್ನು ಬಲ್ಲವರಿಗೆ ಈ ದೃಶ್ಯ ಪರಿಚಿತ. ಪ್ರಶಿಕ್ಷಣಾರ್ಥಿ ನಡುಗುವ ಕೈಯಲ್ಲಿ ಸೀಮೆಸುಣ್ಣ ಹಿಡಿದು ನಿಂತಿರುತ್ತಾಳೆ. ಹಿಂದಿನ ಬೆಂಚಿನಲ್ಲಿ ಕುಳಿತ ಉಪನ್ಯಾಸಕರು ಅವಳ ಪಾಠ ಯೋಜನೆಯ ಅಂಚಿನಲ್ಲಿ ತಪ್ಪುಗಳನ್ನು ಗುರುತು ಹಾಕುತ್ತಾರೆ. ಇದು ಅಗತ್ಯವೇ. ಆದರೆ ಅದೇ ಉಪನ್ಯಾಸಕರು ಕಾಲೇಜಿನಲ್ಲಿ ಪಾಠ ಮಾಡುವಾಗ ಹಿಂದಿನ ಬೆಂಚಿನಲ್ಲಿ ಕುಳಿತು ನೋಡುವವರಾರು? ‘ಚಟುವಟಿಕೆಯ ಮೂಲಕ ಕಲಿಕೆ’ ಎಂಬ ವಿಷಯವನ್ನೇ ಒಂದು ಗಂಟೆ ಟಿಪ್ಪಣಿ ಬರೆಸಿ ಮುಗಿಸಿದರೆ, ಪ್ರಶಿಕ್ಷಣಾರ್ಥಿ ಕಲಿಯುವುದು ಚಟುವಟಿಕೆಯನ್ನಲ್ಲ, ಟಿಪ್ಪಣಿ ಬರೆಸುವುದನ್ನು. ನಾಳೆ ನಮ್ಮ ಮಕ್ಕಳ ತರಗತಿಗೆ ಬರುವುದೂ ಅದೇ.

ಸರ್ಕಾರಗಳು ಕೈಕಟ್ಟಿ ಕುಳಿತಿಲ್ಲ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ‘ಡಯಟ್’ ಎಂದೇ ಪರಿಚಿತವಾದ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು ಹುಟ್ಟಿದವು. 2015ರಲ್ಲಿ ಒಂದು ವರ್ಷದ ಬಿ.ಇಡಿ. ಎರಡು ವರ್ಷದ್ದಾಯಿತು; ಶಾಲೆಗಳಲ್ಲಿ 20 ವಾರಗಳ ಅನುಭವ ಅದರ ಭಾಗವಾಯಿತು. ಶಿಕ್ಷಕರು ವರ್ಷಕ್ಕೆ ಕನಿಷ್ಠ 50 ಗಂಟೆಗಳನ್ನು ವೃತ್ತಿಪರ ಬೆಳವಣಿಗೆಗೆ ಮೀಸಲಿಡಬೇಕೆಂದು 2020ರ ನೀತಿ ಹೇಳಿತು. ಗಂಟೆಗಳನ್ನೇನೋ ಹಾಜರಿ ಪುಸ್ತಕದಲ್ಲಿ ಎಣಿಸಬಹುದು. ತನ್ನ ಪಾಠವನ್ನು ತಾನೇ ಒರೆಗೆ ಹಚ್ಚುವ ಮನಸ್ಸನ್ನು ಯಾವ ಪುಸ್ತಕದಲ್ಲಿ ಎಣಿಸೋಣ?

ನುರಿತ ವೃತ್ತಿಗಾರರು ಕೆಲಸದ ನಡುವೆಯೂ ಅದು ಮುಗಿದ ಮೇಲೂ ತಮ್ಮ ನಡೆಯನ್ನು ತಾವೇ ಪರಿಶೀಲಿಸಿ ಕಲಿಯುತ್ತಾರೆಂದು ಅಮೆರಿಕದ ಚಿಂತಕ ಡೊನಾಲ್ಡ್ ಶೋನ್ 1983ರ ತಮ್ಮ ಗ್ರಂಥದಲ್ಲಿ ವಿವರಿಸಿದರು. ಮಲಗುವ ಮುನ್ನ ಆತ್ಮಪರಿಶೋಧನೆ ಮಾಡಿಕೊಳ್ಳುವ ರೂಢಿಯುಳ್ಳ ನಮಗೆ ಇದು ಅಪರಿಚಿತವಾದ ಮಾತಲ್ಲ.

ಆದ್ದರಿಂದ ನಮ್ಮದೊಂದು ಸಲಹೆ. ಶಿಕ್ಷಕರನ್ನು ತರಬೇತುಗೊಳಿಸುವವರು ತಿಂಗಳಿಗೊಮ್ಮೆ ಗುತ್ತೂರಿನಂಥ ಊರಿನ ಶಾಲೆಗೆ ಹೋಗಿ ಐದನೆಯ ತರಗತಿಗೆ ಭಿನ್ನರಾಶಿಯ ಪಾಠ ಮಾಡಲಿ. ಅಂದು ಪ್ರಶಿಕ್ಷಣಾರ್ಥಿಗಳು ಹಿಂದಿನ ಬೆಂಚಿನಲ್ಲಿ ಕುಳಿತು ಬರೆದುಕೊಳ್ಳಲಿ. ಪಾಠ ಸೋತರೂ ಚಿಂತೆಯಿಲ್ಲ. ಏಕೆ ಸೋತಿತೆಂದು ಶಿಷ್ಯರೆದುರು ಒಪ್ಪಿ ವಿವರಿಸುವ ಗುರು ನೂರು ಉಪನ್ಯಾಸಗಳಿಗಿಂತ ಹೆಚ್ಚು ಕಲಿಸುತ್ತಾರೆ.

ಖಾಲಿ ಹುದ್ದೆ, ಅಲ್ಪ ವೇತನ, ಕಾಗದಪತ್ರಗಳ ಹೊರೆ ಮುಂತಾದ ಕಷ್ಟಗಳನ್ನು ನಾವು ಅಲ್ಲಗಳೆಯುವುದಿಲ್ಲ. ಇದಕ್ಕೆ ಸಮಯ ಒದಗಿಸುವುದು ಆಡಳಿತ ಮಂಡಳಿಗಳ ಹೊಣೆ. ನಮ್ಮ ಸಮುದಾಯದ ಶಾಲೆಗಳೂ ಇಂಥ ಪಾಠಗಳಿಗೆ ಬಾಗಿಲು ತೆರೆಯಬೇಕು.

ಪೋಷಕರಾದ ನಮಗೂ ಒಂದು ಕರ್ತವ್ಯವಿದೆ. ಮಗನನ್ನೋ ಮಗಳನ್ನೋ ಬಿ.ಇಡಿ.ಗೆ ಸೇರಿಸುವಾಗ ಶುಲ್ಕವನ್ನೂ ಫಲಿತಾಂಶವನ್ನೂ ವಿಚಾರಿಸುತ್ತೇವೆ. ಅದರೊಂದಿಗೆ ಇನ್ನೊಂದು ಮಾತನ್ನೂ ವಿನಯದಿಂದಲೇ ಕೇಳೋಣ: ‘ತಮ್ಮ ಉಪನ್ಯಾಸಕರು ಮಕ್ಕಳ ಮುಂದೆ ನಿಂತು ಕೊನೆಯ ಬಾರಿ ಪಾಠ ಮಾಡಿದ್ದು ಯಾವಾಗ?’